ಹೊಣೆ ನಿಮ್ಮದು, ಹಣ ನಮಗೆ

ಹವ್ಯಾಸಿಗಳ ಆನ್‌ಲೈನ್ ಬಳಗಗಳಲ್ಲಿ ಹಲವರು ಮುಂಗಡ ಹಣ ಹಾಕಿ, ಸಂಘಟಕರೊಬ್ಬರ ಮೂಲಕ ಕಾರ್ಖಾನೆಯಿಂದ ಸರಕು ಮಾಡಿಸಿಕೊಳ್ಳುವ ಗುಂಪು ಖರೀದಿಯ ನಿಯಮಾವಳಿಯನ್ನು ಯಾರಾದರೂ ಪೂರ್ತಿ ಓದಿದ್ದುಂಟೇ? ಓದಿದವರು ಹಣ ಕಳುಹಿಸುವುದಿಲ್ಲ, ಕಳುಹಿಸಿದವರು ಓದಿರುವುದಿಲ್ಲ. ಅದೊಂದು ಅಪರೂಪದ ಸಾಹಿತ್ಯ. ವಿಳಾಸ ತಪ್ಪಾದರೆ ನಿಮ್ಮ ಹೊಣೆ. ಸುಂಕ ಬಿದ್ದರೆ ನಿಮ್ಮ ಹೊಣೆ. ಪಾರ್ಸೆಲ್ ದಾರಿಯಲ್ಲಿ ಕಳೆದುಹೋದರೆ ನಿಮ್ಮ ಹೊಣೆ. ಕಾರ್ಖಾನೆಯವರು ಬಾಗಿಲು ಹಾಕಿಕೊಂಡು ಹೋದರೂ ನಿಮ್ಮದೇ, ಅವರನ್ನು ನಂಬಿದವರು ನೀವಲ್ಲವೇ? ಸಂಘಟಕರಿಗೂ ಒಂದು ಹೊಣೆ ಇದೆ, ಕೊನೆಯ ಸಾಲಿನಲ್ಲಿ: ಹಣ ಬಂದು ತಲುಪಿದೆಯೆಂದು ತಿಳಿಸುವುದು.

ಈ ಪದ್ಧತಿ ಹುಟ್ಟಿದ್ದರಲ್ಲಿ ಅನ್ಯಾಯವೇನಿಲ್ಲ. ಮೆಕ್ಯಾನಿಕಲ್ ಕೀಬೋರ್ಡಿಗೆ ಹೊಸ ಬಣ್ಣದ ಕೀಕ್ಯಾಪ್‌ಗಳು, ಅಂದರೆ ಗುಂಡಿಗಳ ಮೇಲೆ ಕೂರುವ ಬಿಡಿ ಮುಚ್ಚಳಗಳು, ಬೇಕೆಂದರೆ ನಾಲ್ಕು ಜನರಿಗಾಗಿ ಯಾವ ಕಾರ್ಖಾನೆಯೂ ಪ್ಲಾಸ್ಟಿಕ್ಕಿಗೆ ಬಣ್ಣ ಬೆರೆಸಿ ಅಚ್ಚು ಕೂರಿಸುವುದಿಲ್ಲ. ಕನಿಷ್ಠ ಇಷ್ಟು ಆರ್ಡರ್ ಬೇಕು ಎನ್ನುತ್ತದೆ. ಹಾಗಾಗಿ ಮೊದಲು ಆಸಕ್ತಿ ಇರುವವರ ಪಟ್ಟಿ ಮಾಡುತ್ತಾರೆ. "ನನಗೆ ಎರಡು ಸೆಟ್" ಎಂದು ಎಲ್ಲರಿಗಿಂತ ಮೊದಲು ಕೈ ಎತ್ತಿದವರು ಹಣ ಕಟ್ಟುವ ದಿನ ಪತ್ತೆಯೇ ಇರುವುದಿಲ್ಲ. ಹುಡುಕಿ ಕೇಳಿದರೆ, ಬೇಕು ಎಂದಿದ್ದೆ, ಕೊಳ್ಳುತ್ತೇನೆ ಎಂದಿರಲಿಲ್ಲ ಎಂಬ ಉತ್ತರ ಸಿದ್ಧ. ನಿಯಮ ಬರೆದವರಷ್ಟೇ ಜಾಣರು ಸದಸ್ಯರಲ್ಲೂ ಇದ್ದಾರೆ.

ಹಣ ಕಳುಹಿಸುವ ಹಂತವಂತೂ ನೋಡುವಂಥದ್ದು. ಆನ್‌ಲೈನ್ ಹಣ ಪಾವತಿ ಸೇವೆಯಾದ ಪೇಪಾಲ್‌ನಲ್ಲಿ ಸರಕು ಕೊಂಡದ್ದಕ್ಕೆ ಹಣ ಕೊಡುವ ದಾರಿ ಒಂದು, ಸ್ನೇಹಿತರಿಗೆ ಮತ್ತು ಕುಟುಂಬದವರಿಗೆ ಕಳುಹಿಸುವ ದಾರಿ ಇನ್ನೊಂದು. ಮೊದಲನೆಯದರಲ್ಲಿ ಕೊಳ್ಳುವವರಿಗೆ ರಕ್ಷಣೆ ಉಂಟು, ಶುಲ್ಕ ಮಾರುವವರಿಗೆ. ಎರಡನೆಯದರಲ್ಲಿ ರಕ್ಷಣೆ ಇಲ್ಲ. ಸಂಘಟಕರು ಯಾವುದನ್ನು ಬಯಸುತ್ತಾರೆಂದು ಹೇಳಬೇಕಾಗಿಲ್ಲ. ಅಸಲಿ ಹೆಸರು ಗೊತ್ತಿಲ್ಲದ, ಮುಖದ ಜಾಗದಲ್ಲಿ ಬೆಕ್ಕಿನ ಚಿತ್ರ ಹಾಕಿಕೊಂಡ ವ್ಯಕ್ತಿಯೊಬ್ಬರು ಒಂದು ಗುಂಡಿ ಒತ್ತುವಷ್ಟರಲ್ಲಿ ನಿಮ್ಮ ಕುಟುಂಬಕ್ಕೆ ಸೇರಿಬಿಡುತ್ತಾರೆ. ನೆಂಟರಿಗೆ ಕೊಟ್ಟ ಹಣ ಮರಳುವುದು ಅಪರೂಪ ಎಂಬುದನ್ನು ನೆನೆದರೆ, ಅದೂ ಸರಿಯೇ.

ಹಟ ಹಿಡಿದು ಮೊದಲನೆಯ ದಾರಿಯಲ್ಲೇ ಹೋದ ಎಚ್ಚರದ ಮನುಷ್ಯರಿಗೂ ಒಂದು ಗಡುವಿದೆ. ತಕರಾರು ಸಲ್ಲಿಸಲು ಪಾವತಿಯ ದಿನದಿಂದ 180 ದಿನ. ಕೀಕ್ಯಾಪ್‌ಗಳ ಖರೀದಿಯೋ ವರ್ಷ ದಾಟುವುದು ಮಾಮೂಲು. ತಾಳ್ಮೆಯೇ ಈ ಹವ್ಯಾಸದ ಭೂಷಣ ಎಂಬ ಉಪದೇಶ ಮೊದಲ ಆರು ತಿಂಗಳಲ್ಲಿ ಅಷ್ಟೊಂದು ಕೇಳಿಬರುವುದೇಕೆ ಎಂದು ಯಾರೂ ಅನುಮಾನಿಸಬಾರದು.

ಸರಕು ಯಾವಾಗ ಬರುತ್ತದೆ? "ಮೂರನೇ ತ್ರೈಮಾಸಿಕದಲ್ಲಿ" ಎಂದು ಸ್ಪಷ್ಟವಾಗಿ ಬರೆದಿರುತ್ತಾರೆ. ಯಾವ ವರ್ಷದ್ದು ಎಂದು ಕೇಳುವುದು ಅಧಿಕಪ್ರಸಂಗ. ಚೀನಾದಲ್ಲಿ ವರ್ಷಕ್ಕೊಮ್ಮೆ ಬರುವ ಹೊಸ ವರ್ಷದ ರಜೆ ಗುಂಪು ಖರೀದಿಯ ಪಂಚಾಂಗದಲ್ಲಿ ಎಲ್ಲ ಋತುಗಳಲ್ಲೂ ಬರುತ್ತದೆ. ನಡುವೆ ಒಂದು ದಿನ ಮಬ್ಬು ಬೆಳಕಿನ ಫೋಟೊ ಬರುತ್ತದೆ: ಯಾರದೋ ಅಂಗೈ ಮೇಲೆ ಒಂದೇ ಒಂದು ಕೀಕ್ಯಾಪ್. ಕಂಪ್ಯೂಟರಿನಲ್ಲಿ ಬಿಡಿಸಿ ತೋರಿಸಿದ್ದ ನವಿಲು ನೀಲಿ ಈಗ ಸಿಮೆಂಟಿನ ಬಣ್ಣಕ್ಕೆ ತಿರುಗಿದೆ. ಕೆಳಗೆ ಸಾಲುಸಾಲಾಗಿ ಚಪ್ಪಾಳೆಯ ಎಮೋಜಿಗಳು. ನಡುವೆ ಯಾರೋ ಪಾಪದವರು "ನನ್ನ ಹಣ ಎಲ್ಲಿಗೆ ಬಂತು?" ಎಂದು ಕೇಳಿದರೆ ಚಪ್ಪಾಳೆ ತಟ್ಟಿದವರೇ ಮೈಮೇಲೆ ಬೀಳುತ್ತಾರೆ. ವ್ಯವಹಾರಕ್ಕೂ ಬಳಗಕ್ಕೂ ಸಂಬಂಧವಿಲ್ಲ ಎಂದು ಮೊದಲೇ ಕೈತೊಳೆದುಕೊಂಡ ನಿರ್ವಾಹಕರು ಆಗ ಓಡಿಬಂದು ಪ್ರಶ್ನೆಯನ್ನು ಅಳಿಸುತ್ತಾರೆ. ಆ ಕೆಲಸಕ್ಕೆ ಮಾತ್ರ ಸಂಬಂಧವಿದೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂದ ಹಿರಿಯರು ಕೀಬೋರ್ಡನ್ನು ಕಂಡವರಲ್ಲ.

ಸಂಘಟಕರು ಬಿಡುವಿನ ವೇಳೆಯಲ್ಲಿ ಪುಕ್ಕಟೆ ದುಡಿಯುತ್ತಾರೆ ಎನ್ನುತ್ತೀರಿ. ನಿಜ. ರಾತ್ರಿಯಿಡೀ ಕುಳಿತು ವಿಳಾಸ ಅಂಟಿಸಿ, ತೂಕ ಹಾಕಿ, ಪೈಸೆ ಮುಟ್ಟದೆ ಕಳುಹಿಸಿಕೊಟ್ಟವರು ಬೇಕಾದಷ್ಟಿದ್ದಾರೆ. ಆದರೆ ಪುಕ್ಕಟೆಯಾಗಿರುವುದು ಅವರ ದುಡಿಮೆ, ಊರವರ ಹಣವಲ್ಲ. ಲೆಕ್ಕದ ಹಾಳೆಯನ್ನೇನೋ ಎಲ್ಲರಿಗೂ ಕಾಣುವಂತೆ ಇಟ್ಟಿರುತ್ತಾರೆ. ಸದಸ್ಯರ ಹೆಸರು, ಬಣ್ಣ, ಎಷ್ಟು ಸೆಟ್, ಯಾವ ದೇಶ, ಹಣ ಬಂತೇ ಎಂಬ ಕಾಲಂಗಳಿವೆ, ಕೊನೆಯದರಲ್ಲಿ ಎಲ್ಲರ ಮುಂದೆಯೂ ಹಸಿರು "ಹೌದು". ಕಾರ್ಖಾನೆಗೆ ಎಷ್ಟು ಹೋಯಿತು, ಯಾವ ದಿನ, ಕೈಯಲ್ಲಿ ಉಳಿದದ್ದೆಷ್ಟು ಎಂಬುದಕ್ಕೆ ಕಾಲಂ ಇಲ್ಲ. ಸೇರಿಸಿ ಎಂದರೆ ನಂಬಿಕೆಗೆ ಧಕ್ಕೆಯಾಗುತ್ತದಂತೆ.

ಕಳೆದ ವಾರ ಅಂಥದ್ದೇ ಒಂದು ಬಳಗದಲ್ಲಿ ಹೊಸ ಖರೀದಿ ತೆರೆದಿದೆ. ಸಂಘಟಕರು ಹಳಬರೇ, ಹಳೆಯ ಸರಕು ಇನ್ನೂ ಬಂದಿಲ್ಲ. ನಿಯಮಾವಳಿ ಮಾತ್ರ ಪರಿಷ್ಕೃತ. ಹಿಂದಿನ ಖರೀದಿಯ ಬಗ್ಗೆ ಇಲ್ಲಿ ಪ್ರಶ್ನೆ ಕೇಳುವವರ ಹೆಸರನ್ನು ಪಟ್ಟಿಯಿಂದ ತೆಗೆಯಲಾಗುವುದು ಎಂದು ದಪ್ಪ ಅಕ್ಷರದಲ್ಲಿ ಸೇರಿಸಿದ್ದಾರೆ. ಮೊದಲ ದಿನವೇ ಪಟ್ಟಿ ಭರ್ತಿಯಾಗಿದೆ.