ನಲವತ್ತೆರಡನೇ ನಿಮಿಷದ ಹೋಳಿಗೆ

ತೀರ್ಥಹಳ್ಳಿಯ ಅತ್ತೆ ಫೋನ್ ಮಾಡಿದರೆ ಈಚೆಗೆ ಕ್ಷೇಮ ಸಮಾಚಾರವೆಲ್ಲ ಇಲ್ಲ. ನೇರವಾಗಿ, "ನಿನ್ನ ತಟ್ಟೆ ಮತ್ತೆ ನಿಂತಿದೆ ಕಣೋ."

ತಟ್ಟೆ ಅಂದರೆ ಡಿವಿಡಿ. ಅದರೊಳಗಿರುವುದು 1994ರಲ್ಲಿ ನಡೆದ ಅತ್ತೆಯ ಮಗಳ ಮದುವೆ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುತ್ತಿದೆ, ಡಿಸ್ಕ್ ಮಾಡಿಕೊಡುತ್ತೇನೆ ಎಂದು ಹೇಳಿದವನು ನಾನೇ. ಸುಮ್ನಿರಲಾರದೆ ಇರುವೆ ಬಿಟ್ಟುಕೊಳ್ಳುವುದು ಅಂದರೆ ಇದೇ.

ಮೊದಲ ಡಿಸ್ಕ್ ಅಣ್ಣನ ಮಗನ ಕೆಲಸ. ಎಂಪಿ4 ಫೈಲನ್ನು ಎಳೆದು ಹಾಕಿ, "ಆಯ್ತು ಚಿಕ್ಕಪ್ಪ" ಅಂದ. ಅತ್ತೆಯ ಪ್ಲೇಯರಿಗೆ ಎಂಪೆಗ್-2 ಬಿಟ್ಟರೆ ಬೇರೆ ಭಾಷೆ ಬಾರದು. ಎರಡನೆಯದು ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಓಡಿತು. ಅಲ್ಲಿ ಹಾಕಿದರೆ 'ನೋ ಡಿಸ್ಕ್'. ಕೊನೆಯಲ್ಲಿ ಫೈನಲೈಸ್ ಮಾಡುವುದನ್ನು, ಅಂದರೆ ಬೇರೆ ಪ್ಲೇಯರುಗಳೂ ಓದುವಂತೆ ಬರಹ ಮುಗಿಸಿ ಮುಚ್ಚುವುದನ್ನು, ಮರೆತಿದ್ದೆ, ನಿಜ. ಆದರೂ ಬಾಯಿಗೆ ಇಟ್ಟ ತುತ್ತನ್ನೇ ಇಲ್ಲ ಅನ್ನುವುದಾ?

ಮೂರನೆಯದು ಓಡಿತು. ನಲವತ್ತೆರಡನೇ ನಿಮಿಷದವರೆಗೆ.

ಅಲ್ಲಿ ನಿಂತದ್ದು ಊಟದ ಪಂಕ್ತಿ. ಸರಿಯಾಗಿ ನಮ್ಮ ದೊಡ್ಡಪ್ಪನ ಎದುರು. ಹೋಳಿಗೆ ಬಡಿಸುವವನು ಬಗ್ಗಿದ್ದಾನೆ, ದೊಡ್ಡಪ್ಪ ಎಲೆಗೆ ಅಂಗೈ ಅಡ್ಡ ಹಿಡಿದಿದ್ದಾರೆ. ಅವರು ಹೋಗಿ ಹನ್ನೊಂದು ವರ್ಷವಾಯಿತು. ಜೀವಮಾನದಲ್ಲಿ ಅವರು ಹೋಳಿಗೆ ಬೇಡ ಅಂದದ್ದನ್ನು ಯಾರೂ ಕಂಡಿಲ್ಲ. ಮನೆಯಲ್ಲಿ ವಾದ ಶುರುವಾಯಿತು.

"ಅಣ್ಣಯ್ಯ ಸಾಕು ಅಂತಿದ್ದಾನೆ" ಅಂದರು ಅತ್ತೆ. ಮಾವ ಒಪ್ಪಲಿಲ್ಲ. ದೊಡ್ಡಪ್ಪನ ಕೈಗೆ ಒಂದು ವ್ಯಾಕರಣ ಇತ್ತಂತೆ. ಬೆರಳು ಕೂಡಿದ್ದರೆ ನಿಜವಾಗಿ ಸಾಕು. ಬೆರಳ ನಡುವೆ ಸಂದಿ ಇದ್ದರೆ ಇನ್ನೊಂದು. ಹೆಬ್ಬೆರಳು ಮೇಲೆದ್ದಿದ್ದರೆ ಎರಡು, ಮೇಲೆ ತುಪ್ಪ. ಒಮ್ಮೆ ಯಾರದೋ ಉಪನಯನದಲ್ಲಿ ಹೊಸ ಹುಡುಗನೊಬ್ಬ ಈ ವ್ಯಾಕರಣ ತಿಳಿಯದೆ ನಿಜವಾಗಿಯೂ ಮುಂದಿನ ಎಲೆಗೆ ಹೋಗಿಬಿಟ್ಟನಂತೆ. ದೊಡ್ಡಪ್ಪ ಮಜ್ಜಿಗೆ ಬರುವವರೆಗೂ ಎಲೆ ಬಿಟ್ಟು ಏಳದೆ, ಯಾರೊಡನೆಯೂ ಮಾತಾಡದೆ, ಹುಡುಗ ವಾಪಸ್ ಬರುವ ದಾರಿಯನ್ನೇ ನೋಡುತ್ತಾ ಕೂತಿದ್ದರಂತೆ. ಟೀವಿಯ ಹತ್ತಿರ ಹೋಗಿ ಎಲ್ಲರೂ ಬೆರಳು ಎಣಿಸಿದೆವು. ಚಿತ್ರ ಚೌಕ ಚೌಕವಾಗಿ ಒಡೆದಿತ್ತು. ಹೆಬ್ಬೆರಳಿರಬೇಕಾದ ಜಾಗದಲ್ಲಿ ಒಂದು ಹಸಿರು ಚೌಕ.

ನಾನು ಮಾತ್ರ ಹೋಳಿಗೆ ಬಿಟ್ಟು ಕಾರಣ ಹುಡುಕುತ್ತಿದ್ದೆ. ಡಿಸ್ಕನ್ನು 16 ಎಕ್ಸ್ ವೇಗದಲ್ಲಿ ಬರೆದಿದ್ದೆ. ಐದಾರು ನಿಮಿಷದ ಕೆಲಸ. ಒಳಗಿನಿಂದ ಹೊರಗೆ ಬರೆಯುತ್ತಾ ಹೋದಂತೆ ವೇಗ ಜಾಸ್ತಿ, ತಪ್ಪೂ ಜಾಸ್ತಿ. ಮನೆಯಲ್ಲಿ ಬರೆದ ಡಿಸ್ಕ್ ಅಂಗಡಿಯ ಸಿನಿಮಾ ಡಿಸ್ಕಿನಷ್ಟು ಹೊಳೆಯುವುದೂ ಇಲ್ಲ. ಮುದಿ ಲೇಸರಿಗೆ ಕಣ್ಣು ಮಂಜು. ಅದರ ಮೇಲೆ ನಾನು ಚಂದಕ್ಕೆಂದು 'ಶುಭವಿವಾಹ' ಎಂಬ ಕಾಗದ ಬೇರೆ ಅಂಟಿಸಿದ್ದೆ. ಒಂದು ಕಡೆ ಭಾರವಾಗಿ ಡಿಸ್ಕ್ ತಿರುಗುವಾಗ ಓಲಾಡುತ್ತಿತ್ತು.

"ಈಗ ಯಾರು ಡಿಸ್ಕ್ ನೋಡ್ತಾರೆ ಚಿಕ್ಕಪ್ಪ, ಪೆನ್‌ಡ್ರೈವ್‌ಗೆ ಹಾಕಿ" ಅಂತ ಅಣ್ಣನ ಮಗನ ಉಪದೇಶ. ಆ ಪ್ಲೇಯರಿಗೆ ಪೆನ್‌ಡ್ರೈವ್ ಚುಚ್ಚುವ ತೂತೇ ಇಲ್ಲ. ಅತ್ತೆ ನೋಡ್ತಾರೆ, ಅಷ್ಟು ಸಾಲದಾ? ಇವನ ಫೋನಿನಲ್ಲಿ ಹನ್ನೆರಡು ಸಾವಿರ ಫೋಟೋ ಇವೆ. ಒಂದನ್ನಾದರೂ ಎರಡನೇ ಸಲ ನೋಡಿದ್ದಾನಾ ಕೇಳಿ.

ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಖಾಲಿ ಡಿಸ್ಕ್ ಕೇಳಿದರೆ ಅಂಗಡಿಯವನು ನನ್ನನ್ನು ಕರುಣೆಯಿಂದ ನೋಡಿ, ಒಳಗಿನಿಂದ ಧೂಳು ಒರೆಸಿಕೊಂಡು ತಂದುಕೊಟ್ಟ. ಈ ಸಲ 4 ಎಕ್ಸ್. ಕಾಲು ಗಂಟೆ ಕಂಪ್ಯೂಟರಿನ ಮೌಸ್ ಕೂಡ ಮುಟ್ಟದೆ ಕೂತೆ. ಕಾಗದ ಅಂಟಿಸಲಿಲ್ಲ.

ಊರಿಗೆ ಹೋಗಿ ನಾನೇ ಹಾಕಿದೆ. ನಲವತ್ತು, ನಲವತ್ತೊಂದು. ನನ್ನ ಎದೆ ಡವಡವ. ಪಂಕ್ತಿ ಬಂತು, ಹೋಳಿಗೆ ಬಂತು, ದೊಡ್ಡಪ್ಪ ಕೈ ಎತ್ತಿದರು, ಕ್ಯಾಮೆರಾ ಬೀಗರ ಕಡೆ ತಿರುಗಿತು. ಎಲ್ಲಾ ಸೇರಿ ಒಂದು ಸೆಕೆಂಡ್ ಇರಬಹುದು.

"ಅಯ್ಯೋ, ಹೋಯ್ತಲ್ಲೋ! ನಿಲ್ಲಿಸೋ, ನಿಲ್ಲಿಸು" ಅಂದರು ಅತ್ತೆ.

ರಬ್ಬರ್ ಬ್ಯಾಂಡ್ ಸುತ್ತಿದ ರಿಮೋಟ್ ಎತ್ತಿಕೊಂಡು ಒತ್ತಿದೆ. ಪಾಸ್ ಬಟನ್ ಇರಬೇಕಾದ ಕಡೆ ಬರೀ ತೂತು. ಮಾವ ಅಡುಗೆಮನೆಯಿಂದ ಊದಿನಕಡ್ಡಿ ತಂದು, "ಇದರಲ್ಲಿ ಚುಚ್ಚಿ ನೋಡು" ಅಂದರು. ಚುಚ್ಚಿದೆ. ಡಿಸ್ಕ್ ಹೊರಗೆ ಬಂತು.