ಮಾಣಿಕ್ಯ ಕೊಳ್ಳುವ ಮುಂಚೆ ಅಂಗಡಿಯಲ್ಲಿ ಏನು ಕೇಳ್ತೀರಿ?

ಬಾಯಿಂದ ಹಬೆ ಊದಿ ನೋಡಿ, ಗಾಜಿನ ಮೇಲೆ ಗೀಚಿ ನೋಡಿ, ಅಸಲಿ ಮಾಣಿಕ್ಯ ಆದರೆ ಹೀಗಾಗುತ್ತದೆ ಹಾಗಾಗುತ್ತದೆ ಅಂತ ಓಡಾಡುತ್ತಿರುವ ವಿಡಿಯೊಗಳನ್ನು ನೋಡಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಈ ಪರೀಕ್ಷೆಗಳಲ್ಲಿ ಸಿಕ್ಕಿಬೀಳೋದು ಬರೀ ಬಣ್ಣದ ಗಾಜು. ದೊಡ್ಡ ದುಡ್ಡು ಹೋಗುವುದು ಅಲ್ಲಿ ಅಲ್ಲ.

ಯಾಕಂದ್ರೆ ಕಾರ್ಖಾನೆಯಲ್ಲಿ ಬೆಳೆಸಿದ ಮಾಣಿಕ್ಯವೂ ಮಾಣಿಕ್ಯವೇ. ಅದೇ ಅಲ್ಯೂಮಿನಿಯಂ ಆಕ್ಸೈಡ್, ಕೆಂಪಿಗೆ ಅದೇ ಕ್ರೋಮಿಯಂ, ಗಡಸುತನ ಮೋಸ್ ಅಳತೆಯಲ್ಲಿ ಅದೇ 9. ಗಾಜು ಗೀಚದೆ ಇನ್ನೇನು ಮಾಡುತ್ತದೆ? ಪುಡಿಯನ್ನು ಉರಿಯಲ್ಲಿ ಕರಗಿಸಿ ಹರಳು ಬೆಳೆಸುವ ವಿದ್ಯೆಯನ್ನು ಫ್ರಾನ್ಸಿನ ಆಗಸ್ಟ್ ವರ್ನ್ಯೂಯ್ 1902ರಲ್ಲೇ ಜಗತ್ತಿಗೆ ತಿಳಿಸಿದ್ದರು. ಹಾಗಾಗಿ "ಹಳೇ ಕಾಲದ ಉಂಗುರ" ಅನ್ನುವ ಮಾತೂ ಗ್ಯಾರಂಟಿ ಅಲ್ಲ.

"ಇದು ಅಸಲಿನಾ?" ಅಂತ ಕೇಳಿದರೆ ಹೌದು ಅಂತಾರೆ, ಅಷ್ಟೇ. ಬಿಡಿಸಿ ಕೇಳಬೇಕು. ನೆಲದಿಂದ ತೆಗೆದದ್ದಾ, ಲ್ಯಾಬಿನಲ್ಲಿ ಬೆಳೆಸಿದ್ದಾ? ಕಾಯಿಸಿದ್ದಾರಾ? ಬಿರುಕಿಗೆ ಏನಾದರೂ ತುಂಬಿದ್ದಾರಾ? ಉತ್ತರವನ್ನು ಬಿಲ್ಲಿನಲ್ಲೇ ಬರೆದುಕೊಡಿ ಅನ್ನಿ. ಆಗ ಮುಖ ಹೇಗಾಗುತ್ತದೆ ಅನ್ನೋದೂ ಒಂದು ಪರೀಕ್ಷೆಯೇ.

ಕಾಯಿಸಿದ್ದು ಅಂದರೆ ಗಾಬರಿ ಬೇಡ. ಮಾರಾಟಕ್ಕೆ ಬರುವ ಬಹುಪಾಲು ಮಾಣಿಕ್ಯಗಳಿಗೆ ಬೆಂಕಿ ತಾಗಿರುತ್ತದೆ. ಬಣ್ಣ ಸುಧಾರಿಸುತ್ತದೆ, ಮಬ್ಬು ಕಡಿಮೆಯಾಗುತ್ತದೆ, ಆ ಬದಲಾವಣೆ ಹಾಗೇ ಉಳಿಯುತ್ತದೆ. ಕಾಯಿಸದ ಒಳ್ಳೆ ಹರಳು ಅಪರೂಪ, ಅದಕ್ಕೇ ಅದರ ಬೆಲೆ ಜಾಸ್ತಿ.

ತುಂಬಿದ್ದು ಮಾತ್ರ ಬೇರೆಯೇ ಕಥೆ. ಬಿರುಕು ಬಿಟ್ಟು ಯಾವುದಕ್ಕೂ ಬಾರದ ಕಲ್ಲಿಗೆ ಕರಗಿದ ಸೀಸದ ಗಾಜು ಇಳಿಸುತ್ತಾರೆ. ಆ ಗಾಜು ಬೆಳಕನ್ನು ಬಗ್ಗಿಸುವ ರೀತಿ ಮಾಣಿಕ್ಯಕ್ಕೆ ಹತ್ತಿರ ಇರುವುದರಿಂದ ಬಿರುಕೇ ಕಣ್ಣಿಗೆ ಮಾಯ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಕೈಗೆ ತಗೊಂಡು, ಹರಳನ್ನು ನಿಧಾನವಾಗಿ ವಾಲಿಸುತ್ತಾ ನೋಡಿ. ಒಂದು ಕೋನದಲ್ಲಿ ಬಿರುಕಿನ ಉದ್ದಕ್ಕೂ ನೀಲಿ ಮಿಂಚು ಹಾದು ಹೋಗುತ್ತದೆ, ಇನ್ನೊಂಚೂರು ವಾಲಿಸಿದರೆ ಇಲ್ಲ. ಬಿರುಕಿನೊಳಗೆ ಚಪ್ಪಟೆ ಗುಳ್ಳೆಗಳಿರುತ್ತವೆ. ಮೇಲ್ಮೈ ಮೇಲೆ ಬೆಳಕು ಬೀಳಿಸಿದರೆ ಗಾಜು ಇರುವ ಗೆರೆಗಳಷ್ಟೇ ಹೊಳಪು ಕಡಿಮೆ. ಇಂಥ ಕಲ್ಲಿನ ಉಂಗುರದ ಅಳತೆ ಬದಲಾಯಿಸಲು ಅಕ್ಕಸಾಲಿ ಬೆಂಕಿ ಹಿಡಿದರೆ ಗಾಜು ಹಾಳು. ಅಷ್ಟೆಲ್ಲಾ ಯಾಕೆ, ನಿಂಬೆರಸವೇ ಸಾಕು ಅದನ್ನು ಕೊರೆಯೋಕೆ. ಇದನ್ನು ತುಂಬಿದ್ದು ಅಂತ ಹೇಳಿ ಅಗ್ಗಕ್ಕೆ ಮಾರಿದರೆ ನನ್ನದೇನೂ ತಕರಾರಿಲ್ಲ. ಸುಮ್ನೆ "ನ್ಯಾಚುರಲ್" ಅಂತ ಮಾರುವುದು ಮೋಸವೇ.

ವರ್ನ್ಯೂಯ್ ವಿಧಾನದ ಹರಳಿನಲ್ಲಿ ಗ್ರಾಮೊಫೋನ್ ತಟ್ಟೆಯ ಗೀರುಗಳಂತೆ ಬಾಗಿದ ಗೆರೆಗಳು ಕಾಣಬಹುದು. ನೆಲದಲ್ಲಿ ಬೆಳೆದದ್ದರಲ್ಲಿ ಬಣ್ಣದ ಪಟ್ಟಿಗಳು ನೇರ, ಇಲ್ಲವೇ ಕೋನವಾಗಿ ತಿರುಗಿದಂತೆ. ಒಳಗೆ ರೇಷ್ಮೆ ಎಳೆಯಂಥ ಸಣ್ಣ ಸೂಜಿಗಳು ಕಂಡರೆ ನಾನಂತೂ ಖುಷಿಪಡುತ್ತೇನೆ. ಒಂದು ಚುಕ್ಕಿಯೂ ಇಲ್ಲದ ದೊಡ್ಡ ಹರಳು ಅಗ್ಗಕ್ಕೆ ಸಿಕ್ಕರೆ ಮಾತ್ರ ಅನುಮಾನ. ಆದರೂ ಕೊನೇ ತೀರ್ಪು ಲೂಪಿನದ್ದಲ್ಲ, ಹರಳು ಪರೀಕ್ಷಿಸುವ ಲ್ಯಾಬಿನದ್ದು. ಬ್ರಿಟನ್ನಿನ ರಾಜಕಿರೀಟದ "ಬ್ಲ್ಯಾಕ್ ಪ್ರಿನ್ಸ್ ರೂಬಿ" ಕೂಡ ಮಾಣಿಕ್ಯ ಅಲ್ಲ, ಸ್ಪಿನೆಲ್ ಅನ್ನುವ ಬೇರೆ ಕಲ್ಲು. ಅರಸರೇ ಎಡವಿದ ಕಡೆ ನಮ್ಮ ಕಣ್ಣು ಯಾವ ಲೆಕ್ಕ, ಅಲ್ವಾ?

ಗುಣಮಟ್ಟದ ಮಾತಿಗೆ ಬಂದರೆ ನನಗೆ ಮೊದಲು ಬಣ್ಣ, ಆಮೇಲೆ ಉಳಿದದ್ದು. ಅಂಗಡಿಯ ಹಳದಿ ದೀಪದಡಿ ಎಲ್ಲಾ ಕೆಂಪೂ ಚೆಂದ, ಹಗಲು ಬೆಳಕಿಗೆ ಒಯ್ದು ನೋಡಿ. ಕಪ್ಪಿಗೆ ತಿರುಗಿದ ಕೆಂಪು ನನಗೆ ಬೇಡ. ಹರಳಿನ ನಡುವೆ ಕಿಟಕಿಯಂತೆ ಆಚೆ ಬದಿ ಕಂಡರೆ ಕಟಿಂಗ್ ಸರಿಯಿಲ್ಲ. ಬರ್ಮಾದ ಮೊಗೋಕ್ ಅಂದ ಕೂಡಲೇ ಬೆಲೆ ಏರಿಸುತ್ತಾರೆ, ಆದರೆ ಮೊಗೋಕಿನಲ್ಲೂ ಸಪ್ಪೆ ಕಲ್ಲುಗಳಿವೆ, ಮೊಜಾಂಬಿಕ್‌ನಲ್ಲೂ ಅದ್ಭುತ ಕಲ್ಲುಗಳಿವೆ.

ಜಿಐಎ, ಎಸ್‌ಎಸ್‌ಇಎಫ್, ಗ್ಯೂಬೆಲಿನ್ ತರಹದ ಲ್ಯಾಬಿನ ರಿಪೋರ್ಟ್ ಕೇಳಿ. ಅಂಗಡಿಯವರೇ ಛಾಪಿಸಿದ ಕಾರ್ಡು ರಿಪೋರ್ಟ್ ಅಲ್ಲ. ಮೇಲಿನ "ನ್ಯಾಚುರಲ್" ಓದಿ ನಿಲ್ಲಿಸಬೇಡಿ, ಕಾಯಿಸಿದ್ದಾ, ತುಂಬಿದ್ದಾ ಅಂತ ಹೇಳುವ ಟ್ರೀಟ್‌ಮೆಂಟ್ ಸಾಲು ಓದಿ, ನಂಬರನ್ನು ಲ್ಯಾಬಿನ ವೆಬ್‌ಸೈಟಿನಲ್ಲಿ ಹಾಕಿ, ತೂಕ ಮತ್ತು ಅಳತೆ ಕೈಯಲ್ಲಿರುವ ಹರಳಿಗೇ ಹೊಂದುತ್ತದಾ ನೋಡಿ. ಇದೆಲ್ಲ ಹರಳು ಬಿಡಿಯಾಗಿದ್ದಾಗಲೇ ಆಗಬೇಕು. ಹಿಂಬದಿ ಮುಚ್ಚಿದ ಉಂಗುರದಲ್ಲಿ ಕೂರಿಸಿಬಿಟ್ಟರೆ ಕಲ್ಲಿನ ಕೆಳಗೆ ಕೆಂಪು ಹಾಳೆ ಇಟ್ಟಿದ್ದರೂ ಗೊತ್ತಾಗಲ್ಲ.