ಹೊಳೆ ಪಕ್ಕದಲ್ಲಿರುವ ನಮಗೆ ಈಜು ಬೇಡವಾ?

ಕಳೆದ ಭಾನುವಾರ ಕೊಲ್ಲಾಪುರದಲ್ಲಿ ನನ್ನ ಮೊದಲ ಟ್ರಯಥ್ಲಾನ್ ಮುಗಿಸಿದೆ. ಸ್ಪ್ರಿಂಟ್ ಅಂತಾರಲ್ಲ, ಆ ಚಿಕ್ಕದು. 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಮೂರನ್ನೂ ಬೆನ್ನುಬೆನ್ನಿಗೆ ಮಾಡಬೇಕು. ನೀರಿನಿಂದ ಎದ್ದು ಶೂ ಹಾಕಿಕೊಳ್ಳುವ ಹೊತ್ತೂ ಲೆಕ್ಕಕ್ಕೆ ಬರುತ್ತದೆ. 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಈ ಆಟ ಒಲಿಂಪಿಕ್ಸ್‌ನಲ್ಲೂ ಇದೆ. ಅಲ್ಲಿ ದೂರ ಇದರ ಎರಡು ಪಟ್ಟು.

ಫೋಟೋ ನೋಡಿ ತುಂಬಾ ಜನ ಶುಭಾಶಯ ಹೇಳಿದಿರಿ. ಖುಷಿಯಾಯಿತು. ಎಲ್ಲರೂ ಕೇಳಿದ್ದು ಸೈಕಲ್ ಯಾವುದು, ಓಟಕ್ಕೆ ಹೇಗೆ ತಯಾರಾದಿರಿ ಅಂತ. ನನಗೆ ಹೇಳಬೇಕಾಗಿರುವುದು ಈಜಿನ ಬಗ್ಗೆ.

ಸೈಕಲ್ ನಮ್ಮ ಕಡೆಗೆ ಹೊಸದೇನಲ್ಲ. ಬಾಗಲಕೋಟೆ, ವಿಜಯಪುರದ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ತಂದವರು. ಬೆಳಗಿನ ಜಾವ ಹೆದ್ದಾರಿಯಲ್ಲಿ ಅವರು ಸಾಲಾಗಿ ಹೋಗುವುದನ್ನು ನೀವೂ ನೋಡಿರುತ್ತೀರಿ. ನಾನೂ ಗದ್ದನಕೇರಿ ಕ್ರಾಸ್ ದಾಟಿ ಕಲಾದಗಿ ರಸ್ತೆಯಲ್ಲೇ ಸೈಕಲ್ ಹೊಡೆದೆ. ಕಬ್ಬಿನ ಹಂಗಾಮಿನಲ್ಲಿ ಮಾತ್ರ ಬೆಳಕು ಹರಿಯುವ ತನಕ ಕಾಯಬೇಕು. ಹಿಂದೆ ಲೈಟೇ ಇಲ್ಲದ ಎರಡೆರಡು ಟ್ರೇಲರ್‌ನ ಟ್ರ್ಯಾಕ್ಟರ್‌ಗಳು ಕತ್ತಲಲ್ಲಿ ಕಾಣುವುದೇ ಇಲ್ಲ. ಓಡುವುದಕ್ಕೆ ನವನಗರದ ಅಗಲವಾದ ರಸ್ತೆಗಳಿವೆ. ಇವೆರಡಕ್ಕೂ ಯಾರೂ ನನ್ನನ್ನು ತಡೆಯಲಿಲ್ಲ.

ನೀರಿನ ಮಾತು ಬಂದಾಗ ಮಾತ್ರ ಮನೆಯಲ್ಲಿ ಎಲ್ಲರೂ ಸುಮ್ಮನಾದರು. "ಈ ವಯಸ್ಸಿನ್ಯಾಗ ನೀರಿಗೆ ಇಳೀತಿಯೇನವಾ?" ಅಂದರು ನಮ್ಮ ಅತ್ತಿ. ಅವರ ಭಯ ನನಗೆ ಅರ್ಥವಾಗುತ್ತದೆ. ನನಗೆ 43. ಘಟಪ್ರಭಾ ಹೊಳೆ ದಂಡೆಯ ಊರಲ್ಲಿ ಹುಟ್ಟಿ ಬೆಳೆದೆ. ಅಣ್ಣಂದಿರೆಲ್ಲ ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಖಾಲಿ ಕ್ಯಾನನ್ನೋ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತರು. ನಾವು ಹುಡುಗಿಯರು ಮೆಟ್ಟಿಲ ಮೇಲೆ ಕೂತು ಅವರ ಬಟ್ಟೆ ಕಾದೆವು.

ಇದು ನನ್ನೊಬ್ಬಳ ಕಥೆ ಅಂತ ನನಗೆ ಅನ್ನಿಸುವುದಿಲ್ಲ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ನಮ್ಮ ಜಿಲ್ಲೆಯಲ್ಲಿ ಹರಿಯುತ್ತವೆ. ಆಲಮಟ್ಟಿ ಅಣೆಕಟ್ಟೆಯಲ್ಲಿ ಸಮುದ್ರಮಟ್ಟದಿಂದ 519.6 ಮೀಟರ್ ಎತ್ತರದ ತನಕ ನೀರು ನಿಲ್ಲಿಸುತ್ತಾರೆ, ಅದರ ಹಿನ್ನೀರಿಗೆ ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು. ನವನಗರ ಹುಟ್ಟಿದ್ದೇ ಅದಕ್ಕಾಗಿ. ನೀರಿಗೆ ಮನೆ ಬಿಟ್ಟುಕೊಟ್ಟ ಊರು ನಮ್ಮದು. ಆದರೂ ಇಲ್ಲಿ ಈಜು ಬರುವ ಹೆಂಗಸರು ಎಷ್ಟು ಮಂದಿ ಸಿಗುತ್ತಾರೆ?

ಈಜುಕೊಳದಲ್ಲಿ ಕೋಚ್ ಸರ್ ಮೊದಲು ಕಲಿಸಿದ್ದು ಉಸಿರು ಬಿಡುವುದನ್ನು. ಕೈ ಕಾಲಿನ ಮಾತು ಆಮೇಲೆ ಬಂತು. "ಮುಖ ಮುಳುಗಿಸಿ ಗುಳ್ಳೆ ಬಿಡ್ರಿ ಟೀಚರ್, ಸಾಕು" ಅನ್ನುತ್ತಿದ್ದರು. ನಾನು ಶಾಲೆಯಲ್ಲಿ ವಿಜ್ಞಾನ ಹೇಳುವವಳು. ತೇಲುವುದು ಹೇಗೆ ಅಂತ ಬೋರ್ಡ್ ಮೇಲೆ ಚಿತ್ರ ಬರೆದು ವಿವರಿಸುತ್ತಾ ಬಂದಿದ್ದೇನೆ. ಮೈಗೆ ಅದು ಗೊತ್ತಾಗಿದ್ದು ಇಲ್ಲಿ. ಎದೆ ತುಂಬ ಗಾಳಿ ಇದ್ದರೆ ದೇಹ ತಾನಾಗಿ ಮೇಲೆ ನಿಲ್ಲುತ್ತದೆ. ಹೆದರಿ ತಲೆ ಎತ್ತಿದರೆ ಕಾಲು ಕೆಳಗಿಳಿಯುತ್ತದೆ. ಮೈ ನೆಟ್ಟಗಾಗಿ, ಕೈ ಬಡಿಯುತ್ತಾ ಸುಸ್ತಾಗುತ್ತೇವೆ. ಮುಳುಗುವವರಲ್ಲಿ ಬಹಳಷ್ಟು ಮಂದಿಗೆ ಆಗುವುದು ಇದೇ. ಅಂಗಾತ ಮಲಗಿ, ಕಿವಿ ನೀರೊಳಗೆ ಬಿಟ್ಟು, ಆಕಾಶ ನೋಡುತ್ತಾ ತೇಲುವುದು ಬಂದ ದಿನ ನನ್ನ ಅರ್ಧ ಭಯ ಹೋಯಿತು.

ಆದರೆ ಕೆರೆ ಬೇರೆ, ಕೊಳ ಬೇರೆ. ಕೊಲ್ಲಾಪುರದ ಕೆರೆಯಲ್ಲಿ ತಳ ಕಾಣಲಿಲ್ಲ, ಹಿಡಿಯುವುದಕ್ಕೆ ಗೋಡೆ ಇರಲಿಲ್ಲ. ಅಕ್ಕಪಕ್ಕದವರ ಕೈಕಾಲು ಮೈಗೆ ತಗಲುತ್ತವೆ. ಆಗಾಗ ತಲೆ ಎತ್ತಿ, ನೀರಿನ ಮೇಲೆ ತೇಲಿಬಿಟ್ಟ ದೊಡ್ಡ ಬಣ್ಣದ ಬಲೂನು ಎಲ್ಲಿದೆ ಅಂತ ನೋಡಿಕೊಳ್ಳದಿದ್ದರೆ ದಾರಿಯೇ ತಪ್ಪುತ್ತದೆ. ಅರ್ಧ ದಾರಿಯಲ್ಲಿ ನನಗೆ ಎದೆ ಹಿಡಿದಂತಾಯಿತು, ಉಸಿರು ಸಿಗಲಿಲ್ಲ. ಮಗುಚಿ ಅಂಗಾತ ಮಲಗಿದೆ. ಪಕ್ಕಕ್ಕೆ ಬಂದ ಸಣ್ಣ ದೋಣಿಯ ಹುಡುಗ "ತಾಈ, ಠೀಕ್ ಆಹಾತ್ ಕಾ?" ಅಂದ. ದೋಣಿ ಹಿಡಿದು ದಣಿವಾರಿಸಿಕೊಳ್ಳುವುದಕ್ಕೆ ನಿಯಮದಲ್ಲಿ ಅವಕಾಶವಿದೆ, ಅದನ್ನು ಹಿಡಿದು ಮುಂದೆ ಹೋಗುವಂತಿಲ್ಲ ಅಷ್ಟೇ. ಯಾವ ಶೈಲಿಯಲ್ಲಾದರೂ ಈಜಬಹುದು. ಸ್ವಲ್ಪ ಹೊತ್ತು ಹಾಗೇ ತೇಲಿದೆ. ಉಸಿರು ಹದಕ್ಕೆ ಬಂತು. ದೋಣಿ ಹಿಡಿಯದೆ ಮುಂದೆ ಹೊರಟೆ. ಇಡೀ ದಿನದಲ್ಲಿ ನನಗೆ ಹೆಮ್ಮೆ ಅನ್ನಿಸುವ ಗಳಿಗೆ ಅದು. ಓಟ ಮುಗಿಸಿ ಪದಕ ಹಾಕಿಸಿಕೊಂಡಿದ್ದು ಅದರ ನಂತರದ್ದು.

ಆಮೇಲಿನದು ಸರಾಗವಾಗಿ ನಡೆಯಿತು. ಹೆಲ್ಮೆಟ್ ಪಟ್ಟಿ ಬಿಗಿಯದೆ ಸೈಕಲ್ ಮುಟ್ಟಬಾರದು, ಅದು ಇಲ್ಲಿನ ಕಟ್ಟುನಿಟ್ಟಿನ ನಿಯಮ. ಸೈಕಲ್ ಮೇಲೆ ಅಮೀನಗಡದ ಕರದಂಟು ತಿಂದೆ. ಶಕ್ತಿಗೆ ಅಂತ ಪ್ಯಾಕೆಟ್ಟಿನ ಜೆಲ್ ತರಿಸುವವರಿಗೆ ಹೇಳುತ್ತೇನೆ, ಬೆಲ್ಲ, ಅಂಟು, ಒಣಹಣ್ಣಿನ ಇದು ಏನೂ ಕಡಿಮೆ ಇಲ್ಲ. ಇಳಿದು ಓಡಲು ಶುರು ಮಾಡಿದಾಗ ಕಾಲು ಮರದ ಕೊರಡಿನಂತಾಗಿತ್ತು. ಸೈಕಲ್ ಹೊಡೆದ ಕೂಡಲೇ ಓಡುವುದನ್ನು ಮೊದಲೇ ರೂಢಿ ಮಾಡಿಕೊಂಡಿದ್ದೆ, ಹಾಗಾಗಿ ಅದು ಬೇಗ ಸಡಿಲವಾಗುತ್ತದೆ ಅಂತ ಗೊತ್ತಿತ್ತು.

ಈಗ ಮುಖ್ಯವಾದ ಮಾತು. ನಮ್ಮ ಶಾಲೆಯ ಮಕ್ಕಳಲ್ಲಿ ಅನೇಕರ ಮನೆ ಕೆನಾಲ್ ಪಕ್ಕದಲ್ಲಿದೆ. ತಾಯಂದಿರು ಅಲ್ಲೇ ಬಟ್ಟೆ ಒಗೆಯುತ್ತಾರೆ. ಸಂಕ್ರಾಂತಿಗೆ ಕೂಡಲಸಂಗಮದಲ್ಲಿ ಸೊಂಟದ ತನಕ ನೀರಿಗಿಳಿದು ಮುಳುಗು ಹಾಕುತ್ತೇವೆ. ಒಬ್ಬರ ಕಾಲು ಜಾರಿದರೆ ಉಳಿಸಲು ಇನ್ನೊಬ್ಬರು ಹಾರುತ್ತಾರೆ, ಅವರಿಗೂ ಈಜು ಬರುವುದಿಲ್ಲ. ಒಂದೇ ಮನೆಯ ಇಬ್ಬರು ಮೂವರು ಹೋದ ಸುದ್ದಿ ಓದುವುದು ಹೀಗೇ ಅಲ್ವಾ? 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಲ್ಲಿ ಮುಳುಗಿ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಶಾಲಾ ಮಕ್ಕಳಿಗೆ ಈಜು ಮತ್ತು ಸುರಕ್ಷಿತವಾಗಿ ಕಾಪಾಡುವ ವಿಧಾನ ಕಲಿಸಿ ಎಂದು ಆ ಸಂಸ್ಥೆಯೇ ಹೇಳುತ್ತದೆ. ಎಲ್ಲರೂ 750 ಮೀಟರ್ ಈಜಬೇಕಿಲ್ಲ. ಅಂಗಾತ ತೇಲುವುದು ಬರಲಿ. ಯಾರಾದರೂ ಮುಳುಗುತ್ತಿದ್ದರೆ ಹಾರದೆ, ದಂಡೆಯಲ್ಲೇ ನಿಂತು ಹಗ್ಗ, ಸೀರೆ, ಖಾಲಿ ಕ್ಯಾನ್ ಎಸೆಯಬೇಕು ಅಂತ ಗೊತ್ತಿರಲಿ. ಜೀವ ಉಳಿಯುವುದಕ್ಕೆ ಅದು ಎಷ್ಟೋ ದೊಡ್ಡದು.

ಹೆಂಗಸರಿಗೆ ಮನಸ್ಸಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಾನು ವಿಚಾರಿಸಿದ ಒಂದು ಕೊಳದಲ್ಲಿ ಹೆಂಗಸರ ಸಮಯ ಬೆಳಿಗ್ಗೆ 11ಕ್ಕೆ ಇತ್ತು. ಆ ಹೊತ್ತಿಗೆ ಯಾರು ಬರಲು ಸಾಧ್ಯ? ಕೆಲಸಕ್ಕೆ ಹೋಗುವವರಿಗೂ ಆಗದು, ಮನೆಯಲ್ಲಿರುವವರಿಗೂ ಆಗದು. ಇನ್ನೊಂದು, ಬಟ್ಟೆ. ಹತ್ತಿ ಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಅದಕ್ಕೇ ಬೇಡ ಅನ್ನುತ್ತಾರೆ. ಆದರೆ ಮಣಿಕಟ್ಟಿನಿಂದ ಪಾದದ ತನಕ ಮೈ ಮುಚ್ಚುವ ಈಜುಡುಗೆ ಸಿಗುತ್ತದೆ ಅಂತ ಎಷ್ಟೋ ಜನರಿಗೆ ಯಾರೂ ಹೇಳೇ ಇಲ್ಲ. ನಾನು ಕಲಿತದ್ದೂ ಅದರಲ್ಲೇ, ಕೊಲ್ಲಾಪುರದಲ್ಲಿ ಈಜಿದ್ದೂ ಅದರಲ್ಲೇ.

ಹತ್ತು ಹೆಂಗಸರು ಸೇರಿದರೆ ಬೆಳಿಗ್ಗೆ 6ಕ್ಕೆ ಒಂದು ತಾಸು ಕಲಿಸುತ್ತೇನೆ ಅಂತ ಕೋಚ್ ಸರ್ ಮಾತು ಕೊಟ್ಟಿದ್ದಾರೆ. ನಮ್ಮ ಅತ್ತಿ ತಮ್ಮ ತಂಗಿಯ ಸೊಸೆಯನ್ನು ತಾವೇ ಒಪ್ಪಿಸಿದ್ದಾರೆ. ಈಗ ಏಳು ಮಂದಿ ಆಗಿದ್ದೇವೆ. ನವನಗರ, ವಿದ್ಯಾಗಿರಿ ಕಡೆಯವರು ಬರುವುದಾದರೆ ನನಗೆ ಮೆಸೇಜ್ ಮಾಡಿ. ಹೆಣ್ಣುಮಕ್ಕಳಿದ್ದರೆ ಜೊತೆಗೇ ಕರೆದುಕೊಂಡು ಬನ್ನಿ.